ಫರಿಸಾಯರ ಮಾತನ್ನು ಓದಲು ಕಲಿತ ತಪಸ್ಸುಕಾಲ

ಕಥೋಲಿಕ ಧರ್ಮಸಭೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ಸುತ್ತಿನ ಮೊದಲ ವರ್ಷ ಬಂದಾಗ, ಪಾಸ್ಖ ಅಂದರೆ ಈಸ್ಟರ್ ಹಬ್ಬಕ್ಕೆ ಸಿದ್ಧರಾಗುವ ತಪಸ್ಸುಕಾಲದ ಮೂರನೆಯ ಭಾನುವಾರ ಸಮಾರಿಯದ ಸ್ತ್ರೀಯ ಪ್ರಸಂಗವನ್ನು, ನಾಲ್ಕನೆಯ ಭಾನುವಾರ ಹುಟ್ಟುಕುರುಡನ ಪ್ರಸಂಗವನ್ನು, ಐದನೆಯ ಭಾನುವಾರ ಲಾಜರನ ಪ್ರಸಂಗವನ್ನು ಸಂತ ಯೊವಾನ್ನರ ಶುಭಸಂದೇಶದಿಂದ ಓದುತ್ತಾರೆ. ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನ ಪಡೆಯಲಿರುವ ವಯಸ್ಕರನ್ನು ಸಿದ್ಧಗೊಳಿಸಲು ಪ್ರಾಚೀನ ಕಾಲದಿಂದ ಬಳಕೆಯಲ್ಲಿದ್ದ ಪಾಠಗಳಿವು. ಜ್ಞಾನಸ್ನಾನವನ್ನೇ ಆದಿಕ್ರೈಸ್ತರು ಬೆಳಕು ಪಡೆಯುವುದು ಎಂದು ಕರೆಯುತ್ತಿದ್ದರು. 2020ರಲ್ಲಿ ಹುಟ್ಟುಕುರುಡನ ಭಾನುವಾರ ಬಂದದ್ದು ಮಾರ್ಚ್ 22ರಂದು, ಅಂದರೆ ಜನತಾ ಕರ್ಫ್ಯೂವಿನ ದಿನ. ಆ ಸುದೀರ್ಘ ಪಾಠವನ್ನು ನಮ್ಮ ದೇವಾಲಯದ ಬೆಂಚುಗಳಲ್ಲಿ ಕುಳಿತು ಯಾರೂ ಕೇಳಲಿಲ್ಲ. ಹೀಗಾಗಿ ಮೂರು ವರ್ಷ ಕಳೆದು, 2023ರ ಮಾರ್ಚ್ 19ಕ್ಕೆ ಅದೇ ಪಾಠ ಮರಳಿ ಬರುತ್ತದೆ ಎಂದಾದಾಗ, ಮೈಸೂರಿನ ನಮ್ಮ ಧರ್ಮಕೇಂದ್ರದ ಗುರುಗಳು ವಾಚಕರ ಗುಂಪಿನವರನ್ನು ಕರೆದು, ಈ ಸಲ ಇದನ್ನು ಜನ ಸರಿಯಾಗಿ ಕೇಳಿಸಿಕೊಳ್ಳುವಂತೆ ಮಾಡೋಣ ಎಂದರು.

ಪೂಜೆಯಲ್ಲಿ ಶುಭಸಂದೇಶವನ್ನು ಸಾರುವುದು ಗುರುಗಳ ಅಥವಾ ಉಪಯಾಜಕರ ಕರ್ತವ್ಯ. ಆದ್ದರಿಂದ ಭಾನುವಾರಕ್ಕೆ ಮುಂಚಿನ ಶುಕ್ರವಾರ ಸಂಜೆ, ಯೇಸುವಿನ ಪಾಡುಗಳನ್ನು ಧ್ಯಾನಿಸುವ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದ ನಲವತ್ತೊಂದು ವಚನಗಳನ್ನೂ ನಾವು ಪಾತ್ರಗಳಾಗಿ ಹಂಚಿಕೊಂಡು ಓದುವುದೆಂದು ತೀರ್ಮಾನವಾಯಿತು. ಯೇಸು ಹುಟ್ಟುಕುರುಡನೊಬ್ಬನ ಕಣ್ಣಿಗೆ ಮಣ್ಣು ಹಚ್ಚಿ, ಸಿಲೋವಾಂ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿ ದೃಷ್ಟಿ ಕೊಡುವುದು, ಅದು ಸಬ್ಬತ್ ಎಂಬ ವಿಶ್ರಾಂತಿದಿನವಾದ್ದರಿಂದ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವರಾದ ಫರಿಸಾಯರು ಅವನನ್ನು ವಿಚಾರಣೆ ಮಾಡುವುದು, ಇದು ಆ ಅಧ್ಯಾಯದ ಕಥೆ. ನಿರೂಪಣೆ, ಯೇಸುವಿನ ಮಾತು, ಕುರುಡನ ಮಾತು, ಶಿಷ್ಯರು ಮತ್ತು ನೆರೆಹೊರೆಯವರು, ತಂದೆತಾಯಿ, ಫರಿಸಾಯರು. ಕೊನೆಯದು ನನ್ನ ಪಾಲಿಗೆ ಬಂತು. ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ ಫೆಬ್ರವರಿ 22ಕ್ಕಿತ್ತು. ಅಂದಿನಿಂದ ಸಿದ್ಧತೆ ಆರಂಭಿಸಿದರೆ ಸಾಕಷ್ಟು ಕಾಲಾವಕಾಶವಿದೆ ಎಂದು ನಾವೆಲ್ಲ ಭಾವಿಸಿದೆವು.

ನಮ್ಮ ಗುಂಪಿನಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ಹುಟ್ಟಿನಿಂದ ದೃಷ್ಟಿಯಿಲ್ಲದ ಅವರು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಕುರುಡನ ಮಾತುಗಳನ್ನು ಅವರೇ ಓದುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಅದೇ ಇತ್ತು. ಹಂಚಿಕೆ ಮಾಡುತ್ತಿದ್ದವರು ಅವರ ಹೆಸರನ್ನು ಅಲ್ಲಿ ಬರೆದೂ ಆಗಿತ್ತು. ಅಕ್ಕ ಒಪ್ಪಲಿಲ್ಲ. “ಅದನ್ನು ಬೇರೆ ಯಾರಾದರೂ ಓದಲಿ, ನನಗೆ ನಿರೂಪಣೆ ಕೊಡಿ. ನಾನು ಕುರುಡನ ಮಾತು ಓದಿದರೆ ಜನ ನನ್ನನ್ನು ನೋಡಿಕೊಂಡು ಕೂರುತ್ತಾರೆ, ಪಾಠ ಅವರ ಕಿವಿಗೆ ಬೀಳುವುದಿಲ್ಲ” ಎಂದರು. ಗುರುಗಳು ಸ್ವಲ್ಪ ಹೊತ್ತು ಯೋಚಿಸಿ, ಅದು ಸರಿಯಾದ ಮಾತು ಎಂದರು. ಕುರುಡನ ಭಾಗ ಕಾಲೇಜಿನಲ್ಲಿ ಓದುವ ಹುಡುಗನೊಬ್ಬನಿಗೆ ಹೋಯಿತು.

ನಿರೂಪಣೆ ಓದಬೇಕಾದರೆ ಅಕ್ಕನಿಗೆ ಇಡೀ ಅಧ್ಯಾಯ ಬ್ರೈಲ್‌ನಲ್ಲಿ ಬೇಕಾಗಿತ್ತು. ಮೊಬೈಲಿನಲ್ಲಿ ಕೇಳಿ ಕಲಿಯಬಹುದಾದರೂ, ಸಭೆಯ ಮುಂದೆ ಓದುವಾಗ ಅಕ್ಷರ ಬೆರಳಿನ ಕೆಳಗೇ ಇರಬೇಕೆಂಬುದು ಅವರ ನಿಲುವು. ನಾನು ಓದಿ ಹೇಳುವುದು, ಅವರು ಸ್ಲೇಟಿಗೆ ದಪ್ಪ ಕಾಗದ ಸಿಕ್ಕಿಸಿ ಸ್ಟೈಲಸ್‌ನಿಂದ ಚುಕ್ಕಿ ಚುಚ್ಚಿ ಬರೆದುಕೊಳ್ಳುವುದು ಎಂದಾಯಿತು. ಸ್ಲೇಟಿನಲ್ಲಿ ಬ್ರೈಲ್ ಬರೆಯುವವರು ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುತ್ತಾರೆ. ಕಾಗದವನ್ನು ಮಗುಚಿದಾಗ ಉಬ್ಬಿದ ಚುಕ್ಕಿಗಳು ಎಡದಿಂದ ಬಲಕ್ಕೆ ಓದಲು ಸಿಗುತ್ತವೆ. ಒಂದೊಂದು ಅಕ್ಷರಕ್ಕೂ ಸಮಯ ಹಿಡಿಯುವ ಈ ಕೆಲಸ ಬಹಳ ನಿಧಾನ. ಆ ನಿಧಾನವೇ ನಮ್ಮ ತಪಸ್ಸಾಯಿತು ಎಂದು ಈಗ ನನಗೆ ಅನಿಸುತ್ತದೆ. ಒಪ್ಪತ್ತು ಇರುವುದು, ಮಾಂಸಾಹಾರ ಬಿಡುವುದು, ಉಳಿಸಿದ್ದನ್ನು ಬಡವರಿಗೆ ಕೊಡುವುದು ಇವೆಲ್ಲ ಎಂದಿನಂತೆ ನಡೆದವು. ಆದರೆ ಎಷ್ಟೋ ಬಾರಿ ಕೇಳಿದ ಒಂದು ಅಧ್ಯಾಯವನ್ನು ಪದ ಪದವಾಗಿ ಉಚ್ಚರಿಸಿ, ಅದು ಕಾಗದಕ್ಕೆ ಇಳಿಯುವವರೆಗೆ ಕಾದು, ಆಮೇಲೆ ಮುಂದಿನ ಪದಕ್ಕೆ ಹೋಗುವ ಅಭ್ಯಾಸ ನನ್ನ ಮಟ್ಟಿಗೆ ಹೊಸದಾಗಿತ್ತು.

ಎರಡನೆಯ ವಚನಕ್ಕೇ ನಿಂತೆವು. ದಾರಿಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ ಇವನ ತಂದೆತಾಯಿಯದೋ ಎಂದು ಯೇಸುವನ್ನು ಕೇಳುತ್ತಾರೆ. ಅಕ್ಕ ಸ್ಟೈಲಸ್ ಕೆಳಗಿಟ್ಟು, ಈ ಪ್ರಶ್ನೆಯನ್ನು ತನ್ನ ತಾಯಿ ಜೀವಮಾನವಿಡೀ ಕೇಳಿಸಿಕೊಂಡರು ಎಂದರು. ಮದುವೆ ಮನೆ ಇರಲಿ, ಬಸ್ಸು ಇರಲಿ, ಪಕ್ಕದಲ್ಲಿ ಕುಳಿತವರು ಮಗುವಿನ ಮುಖ ನೋಡಿ “ಯಾವ ಜನ್ಮದ ಪಾಪವೋ” ಎಂದುಬಿಡುತ್ತಿದ್ದರಂತೆ. ಅದು ಹೊರಗಿನವರ ಮಾತು ಎಂದು ತಳ್ಳಿಹಾಕುವಂತಿಲ್ಲ. ನಿಮ್ಮಲ್ಲಿ ವಿಶ್ವಾಸ ಸಾಲದು, ಇದ್ದಿದ್ದರೆ ಈ ಹೊತ್ತಿಗೆ ಕಣ್ಣು ಬಂದಿರುತ್ತಿತ್ತು ಎಂದು ಒಂದು ಪ್ರಾರ್ಥನಾಕೂಟದಲ್ಲಿ ಅಕ್ಕನಿಗೆ ಹೇಳಿದವರು ಕ್ರೈಸ್ತರೇ. ಶಿಷ್ಯರ ಪ್ರಶ್ನೆಗೂ ಈ ಮಾತಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಯೇಸು ಕೊಟ್ಟ ಉತ್ತರವಂತೂ ನೇರವಾಗಿದೆ: ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ.

ಅದರ ಮುಂದಿನ ಮಾತು ಅಕ್ಕನಿಗೆ ಇನ್ನೂ ಕಷ್ಟವಾಯಿತು. ದೇವರ ಕಾರ್ಯ ಇವನಲ್ಲಿ ಪ್ರಕಟವಾಗಲೆಂದು ಹೀಗಾಯಿತು ಎಂದರೆ, ಯಾವತ್ತೋ ನಡೆಯಬೇಕಾದ ಒಂದು ಅದ್ಭುತಕ್ಕಾಗಿ ಒಬ್ಬ ಮನುಷ್ಯ ಅಷ್ಟು ವರ್ಷ ಭಿಕ್ಷೆ ಬೇಡಬೇಕಾಯಿತೇ ಎಂದು ಅವರು ಗುರುಗಳನ್ನೇ ಕೇಳಿದರು. ಗುರುಗಳು ತಿಳಿಸಿದ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಶುಭಸಂದೇಶದ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನಂತೆ ಪೂರ್ಣವಿರಾಮ, ಅಲ್ಪವಿರಾಮಗಳಿರಲಿಲ್ಲ. ಆದ್ದರಿಂದ ಕೆಲವು ವಿದ್ವಾಂಸರು ವಾಕ್ಯವನ್ನು “ಪಾಪ ಮಾಡಲಿಲ್ಲ” ಎಂಬಲ್ಲಿಗೆ ನಿಲ್ಲಿಸಿ, ದೇವರ ಕಾರ್ಯ ಇವನಲ್ಲಿ ಪ್ರಕಟವಾಗಬೇಕಾದರೆ ಹಗಲಿರುವಾಗಲೇ ನಾವು ಕೆಲಸ ಮಾಡಬೇಕು ಎಂದು ಮುಂದಿನ ವಚನದೊಂದಿಗೆ ಸೇರಿಸಿ ಓದುತ್ತಾರೆ. ಹಾಗೆ ಓದಿದಾಗ ಕುರುಡುತನಕ್ಕೆ ಕಾರಣ ಹುಡುಕುವ ಮಾತು ಅಲ್ಲಿಗೆ ಮುಗಿದು, ಈಗ ಮಾಡಬೇಕಾದದ್ದೇನು ಎಂಬ ಮಾತು ಆರಂಭವಾಗುತ್ತದೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ ಎಂದೂ ಗುರುಗಳು ಹೇಳಿದರು. ಅಕ್ಕ ಮಾತ್ರ ನಿರೂಪಣೆಯ ನಡುವೆ ಬರುವ ಆ ಮಾತಿನಲ್ಲಿ ಎಲ್ಲಿ ಉಸಿರು ನಿಲ್ಲಿಸಬೇಕೆಂದು ಯೇಸುವಿನ ಭಾಗ ಓದುವವರಿಗೆ ಅಂದೇ ಹೇಳಿಕೊಟ್ಟರು.

ಕಣ್ಣುಳ್ಳ ನಾವು ಬೆರಗಾಗುತ್ತಿದ್ದ ಕಡೆ ಅಕ್ಕನಿಗೆ ಬೆರಗಿರಲಿಲ್ಲ. ಕಣ್ಣಿಗೆ ಮಣ್ಣು ಹಚ್ಚಿಸಿಕೊಂಡು, ಇನ್ನೂ ಕಾಣದವನಾಗಿಯೇ, ಸಿಲೋವಾಂ ಕೊಳದವರೆಗೆ ಇಳಿದು ಹೋದನಲ್ಲ, ಎಂಥ ವಿಶ್ವಾಸ ಎಂದು ನಾನು ಹೇಳಿದೆ. ಜೆರುಸಲೇಮಿನಲ್ಲಿ ಆ ಕಾಲದ ಕೊಳದ ಮೆಟ್ಟಿಲುಗಳು 2004ರಲ್ಲಿ ಚರಂಡಿ ಕೊಳವೆ ದುರಸ್ತಿಯ ವೇಳೆ ಬೆಳಕಿಗೆ ಬಂದವು. ಅದು ನಗರದ ತಗ್ಗಿನ ಭಾಗದಲ್ಲಿದೆ ಎಂಬುದನ್ನೆಲ್ಲ ನಾನು ಓದಿಕೊಂಡು ಬಂದಿದ್ದೆ. ಅಕ್ಕ, “ಹುಟ್ಟಿದ ಊರಿನ ಕೊಳಕ್ಕೆ ಹೋಗಲು ಅವನಿಗೆ ಕಷ್ಟವೇನು? ದಾರಿ ನನಗಿಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಷ್ಟವಾದದ್ದು ಬೇರೆ. ಯಾರೋ ಬಂದು ಕೇಳದೆ ಮುಖ ಮುಟ್ಟಿದರಲ್ಲ, ಅದನ್ನು ಸಹಿಸಿಕೊಂಡನಲ್ಲ, ಅದು ಕಷ್ಟ” ಎಂದರು. ಮಾರ್ಕನ ಶುಭಸಂದೇಶದಲ್ಲಿ ಜೆರಿಕೋ ಊರಿನ ಬಾರ್ತಿಮಾಯ ತಾನೇ ಕೂಗಿ ಕರೆಯುತ್ತಾನೆ. ನಿನಗೆ ನಾನೇನು ಮಾಡಬೇಕು ಎಂದು ಯೇಸು ಅವನನ್ನು ಮೊದಲು ಕೇಳುತ್ತಾರೆ. ಯೊವಾನ್ನರ ಈ ಮನುಷ್ಯ ಏನನ್ನೂ ಬೇಡಲಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಬಾರ್ತಿಮಾಯನ ಪ್ರಸಂಗವೇ ತನಗೆ ಹೆಚ್ಚು ಇಷ್ಟವೆಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು. ಪರಮಪ್ರಸಾದದ ಸಾಲಿನಲ್ಲಿ ಹಿಂದಿನಿಂದ ಬಂದು ತಟ್ಟನೆ ಕೈಹಿಡಿದು ಎಳೆದುಕೊಂಡು ಹೋಗುವವರ ಬಗ್ಗೆ ಅವರು ಅಂದು ಹೇಳಿದ್ದನ್ನು ಕೇಳಿದ ಮೇಲೆ, ನಮ್ಮ ಗುಂಪಿನ ಯಾರೂ ಅವರನ್ನು ಕೇಳದೆ ಮುಟ್ಟುವುದಿಲ್ಲ.

ಸಂತ ಅಗಸ್ಟೀನರು ಈ ಅಧ್ಯಾಯದ ಮೇಲೆ ಬೋಧಿಸುವಾಗ, ಈ ಕುರುಡ ಎಂದರೆ ಇಡೀ ಮನುಕುಲ ಎಂದಿದ್ದಾರೆ. ಆದಾಮನಿಂದ ಬಂದ ಪಾಪದಿಂದಾಗಿ ನಾವೆಲ್ಲ ಹುಟ್ಟುಕುರುಡರು, ಮಣ್ಣಿನ ಲೇಪ ಜ್ಞಾನೋಪದೇಶದ ಆರಂಭ, ಕೊಳದಲ್ಲಿ ತೊಳೆಯುವುದು ಜ್ಞಾನಸ್ನಾನ ಎಂಬ ಆ ವಿವರಣೆ ಧರ್ಮಸಭೆಯಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ತಪಸ್ಸುಕಾಲಕ್ಕೆ ಈ ಪಾಠ ಬಂದಿರುವುದೇ ಆ ಅರ್ಥದಿಂದ. ಆದರೆ ಅಕ್ಕನ ಎದುರು ಕುಳಿತು ಓದುವಾಗ, ಕುರುಡುತನ ಎಂದರೆ ಪಾಪ ಎಂದು ಸಲೀಸಾಗಿ ಹೇಳಿಕೊಂಡು ಹೋಗುವ ನಮ್ಮ ಪ್ರಾರ್ಥನೆಗಳೂ ಕೀರ್ತನೆಗಳೂ ಶಿಷ್ಯರ ಹಳೆಯ ಪ್ರಶ್ನೆಗೇ ಮರಳುತ್ತಿವೆಯಲ್ಲ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಅಧ್ಯಾಯವನ್ನು ಪೂರ್ತಿ ಓದಿದರೆ ಅದು ಹಾಗೆ ಹೇಳುವುದಿಲ್ಲ. ಮೂವತ್ತನಾಲ್ಕನೆಯ ವಚನದಲ್ಲಿ ಫರಿಸಾಯರು, ನೀನು ಹುಟ್ಟಿನಿಂದಲೇ ಪಾಪದಲ್ಲಿ ಮುಳುಗಿದವನು, ನಮಗೆ ಬೋಧಿಸುತ್ತೀಯಾ ಎಂದು ಅವನನ್ನು ಹೊರಗೆ ಅಟ್ಟುತ್ತಾರೆ. ಎರಡನೆಯ ವಚನದಲ್ಲಿ ಶಿಷ್ಯರಿಗಿದ್ದ ತಿಳಿವಳಿಕೆಯೂ ಇದೇ. ಯೇಸು ಅದನ್ನು ಆರಂಭದಲ್ಲೇ ನಿರಾಕರಿಸಿದ್ದಾರೆ. ಕಣ್ಣಿಲ್ಲದಿರುವುದು ಪಾಪವಲ್ಲವೆಂದು ಮೊದಲು ಹೇಳಿ, ಕಾಣುತ್ತೇವೆ ಎನ್ನುವವರಲ್ಲಿ ಪಾಪ ಉಳಿದಿದೆ ಎಂದು ಕೊನೆಗೆ ಹೇಳುತ್ತಾರೆ. ನಡುವಿನ ಅಷ್ಟೂ ವಿಚಾರಣೆ ಈ ಎರಡು ಮಾತುಗಳ ನಡುವೆ ನಡೆಯುತ್ತದೆ.

ಆ ವಿಚಾರಣೆಯಲ್ಲಿ ಯೇಸು ಇಲ್ಲ. ಎಂಟನೆಯ ವಚನದಿಂದ ಮೂವತ್ತನಾಲ್ಕರವರೆಗೆ ಅವರು ಕಾಣಿಸಿಕೊಳ್ಳುವುದೇ ಇಲ್ಲ. ಮಾತೆಲ್ಲ ನೆರೆಯವರದು, ತಂದೆತಾಯಿಯದು, ಗುಣವಾದವನದು, ಮತ್ತು ನನ್ನ ಪಾಲಿನ ಫರಿಸಾಯರದು. ನಾನು ಮೊದಲು ಅದನ್ನು ಪಾಡುಗಳ ನಾಟಕದಲ್ಲಿ ವಿರೋಧಿಗಳು ಮಾತನಾಡುವ ರೀತಿಯಲ್ಲಿ, ಧ್ವನಿ ಏರಿಸಿ, ಹಂಗಿಸುವಂತೆ ಓದುತ್ತಿದ್ದೆ. ಗುರುಗಳು ತಡೆದರು. ಫರಿಸಾಯರು ದೇವರ ಕಟ್ಟಳೆಯನ್ನು ಪ್ರೀತಿಸಿದ ಶ್ರದ್ಧಾವಂತರು, ಮಣ್ಣು ಕಲಸುವುದು ಸಬ್ಬತ್ ದಿನ ಮಾಡಬಾರದ ಕೆಲಸವೆಂಬ ಅವರ ಆಕ್ಷೇಪ ಸುಳ್ಳಲ್ಲ, ಪಾಪಿಯೊಬ್ಬ ಇಂಥ ಸೂಚಕ ಕಾರ್ಯ ಮಾಡಲು ಸಾಧ್ಯವೇ ಎಂದು ಹದಿನಾರನೆಯ ವಚನದಲ್ಲಿ ಅವರಲ್ಲೇ ಭಿನ್ನಾಭಿಪ್ರಾಯ ಹುಟ್ಟುತ್ತದೆ ಎಂದು ಅವರು ತೋರಿಸಿಕೊಟ್ಟರು. ಈ ಅಧ್ಯಾಯವನ್ನು ಯೆಹೂದ್ಯ ಜನರ ವಿರುದ್ಧ ಎತ್ತಿಹಿಡಿದು ಕ್ರೈಸ್ತರು ಮಾಡಿದ ಅನ್ಯಾಯವೂ ಚರಿತ್ರೆಯಲ್ಲಿದೆ. “ಇವರನ್ನು ಬೇರೆಯವರೆಂದುಕೊಂಡು ಓದಬೇಡಿ. ವಾರದಲ್ಲಿ ಒಂದು ದಿನವೂ ದೇವಾಲಯ ತಪ್ಪಿಸದವರ ಮಾತು ಎಂದುಕೊಂಡು ಓದಿ” ಎಂದರು.

ಹಾಗೆ ಓದತೊಡಗಿದಾಗ ನನ್ನ ಗಮನಕ್ಕೆ ಬಂದದ್ದು ಒಂದು ವಿಚಿತ್ರ. ಫರಿಸಾಯರು ಮತ್ತೆ ಮತ್ತೆ “ನಮಗೆ ಗೊತ್ತು” ಎನ್ನುತ್ತಾರೆ. ಈ ಮನುಷ್ಯ ಪಾಪಿಯೆಂದು ನಮಗೆ ಗೊತ್ತು, ದೇವರು ಮೋಶೆಯೊಡನೆ ಮಾತನಾಡಿದ್ದು ನಮಗೆ ಗೊತ್ತು. ಕಣ್ಣು ಬಂದವನು ಬಹಳ ಹೊತ್ತು “ನನಗೆ ಗೊತ್ತಿಲ್ಲ” ಎನ್ನುತ್ತಾನೆ. ಆತನೆಲ್ಲಿ ಎಂದರೆ ಗೊತ್ತಿಲ್ಲ, ಆತ ಪಾಪಿಯೋ ಎಂದರೆ ಗೊತ್ತಿಲ್ಲ; ಕುರುಡನಾಗಿದ್ದೆ, ಈಗ ಕಾಣುತ್ತೇನೆ, ಗೊತ್ತಿರುವುದು ಇದೊಂದೇ. ಯೇಸುವನ್ನು ಅವನು ಮೊದಲು ಯೇಸು ಎಂಬ ಮನುಷ್ಯ ಎನ್ನುತ್ತಾನೆ, ಆಮೇಲೆ ಪ್ರವಾದಿ ಎನ್ನುತ್ತಾನೆ, ದೇವರಿಂದ ಬಂದವರು ಎನ್ನುತ್ತಾನೆ, ಕೊನೆಗೆ ಪ್ರಭುವೇ ಎಂದು ಅಡ್ಡಬೀಳುತ್ತಾನೆ. ಗೊತ್ತಿಲ್ಲ ಎಂದವನಿಗೆ ಕಾಣುತ್ತ ಹೋಗುತ್ತದೆ. ಗೊತ್ತು ಎಂದವರಿಗೆ ಕಾಣಿಸುತ್ತಿದ್ದದ್ದೂ ಮರೆಯಾಗುತ್ತ ಹೋಗುತ್ತದೆ.

ಗುರುಗಳು ಪ್ರತಿ ರಾತ್ರಿ, ಲೊಯೊಲಾದ ಸಂತ ಇಗ್ನೇಷಿಯಸ್ ಕಲಿಸಿದ ಕ್ರಮದಲ್ಲಿ, ದಿನವನ್ನು ಹಿಂದಿರುಗಿ ನೋಡುವ ಆತ್ಮಶೋಧನೆ ಮಾಡಲು ನಮಗೆ ಹೇಳಿದ್ದರು. ಮೊದಲು ದಿನದ ಕೃಪೆಗಳಿಗೆ ವಂದನೆ, ಬೆಳಕಿಗಾಗಿ ಬೇಡಿಕೆ, ಆಮೇಲೆ ಬೆಳಗಿನಿಂದ ನಡೆದದ್ದನ್ನು ದೇವರ ಮುಂದಿಟ್ಟು ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಸಂಕಲ್ಪ. ನಾನು ನನ್ನದೇ ಒಂದು ವಿಧಾನ ಕಂಡುಕೊಂಡೆ. ಆ ದಿನ ನಾನು ಎಲ್ಲೆಲ್ಲಿ ಮನಸ್ಸಿನಲ್ಲಿ “ನನಗೆ ಗೊತ್ತು” ಎಂದೆ ಎಂಬುದನ್ನು ಮಾತ್ರ ಹುಡುಕುವುದು. ಹುಡುಕಿದಷ್ಟೂ ಸಿಗುತ್ತಿತ್ತು. ಕರ್ನಾಟಕದ ಧರ್ಮಸಭೆಯಲ್ಲಿರುವ ಯಾರಿಗೂ ಪೂಜೆಯ ಭಾಷೆಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂದು ವಿವರಿಸಬೇಕಾಗಿಲ್ಲ. ಕನ್ನಡ, ತಮಿಳು, ಕೊಂಕಣಿ ಮಾತಾಡುವವರು ಒಂದೇ ಛಾವಣಿಯ ಕೆಳಗಿರುವ ನಮ್ಮಂಥ ಕಡೆ, ಪವಿತ್ರ ವಾರದ ಪೂಜೆಗಳ ವೇಳೆಯನ್ನು ಹಂಚುವ ಸಭೆ ನಡೆದರೆ, ಎದುರಿಗಿರುವವರು ಬಾಯಿ ತೆರೆಯುವ ಮೊದಲೇ ಅವರೇಕೆ ಹೀಗೆ ಕೇಳುತ್ತಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆ ವರ್ಷದ ಸಭೆಯಲ್ಲಿ, ಇನ್ನೊಂದು ಭಾಷೆಯ ಹಿರಿಯರೊಬ್ಬರು ಬೆಳಗಿನ ವೇಳೆಯನ್ನೇ ಕೇಳಿದಾಗ, ನಾನು ಉತ್ತರ ಕೊಡುವುದನ್ನು ಬಿಟ್ಟು ಕಾರಣ ಕೇಳಿದೆ. ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರ ಬರುವವರು ತಮ್ಮಲ್ಲಿ ಹೆಚ್ಚು ಎಂದರು. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಮೊಣಕಾಲೂರಿದವರು ನಾವು.

ಅಕ್ಕನನ್ನು ಈ ಶೋಧನೆಯಿಂದ ಹೊರಗಿಡಲು ನಮ್ಮಲ್ಲಿ ಕೆಲವರು ಪ್ರೀತಿಯಿಂದಲೇ ಪ್ರಯತ್ನಿಸಿದರು. ನಿಮಗೆ ಒಳಗಣ್ಣು ಇದೆ ಅಕ್ಕ ಎಂದರು. ಅವರಿಗೆ ನಿಜಕ್ಕೂ ನೋವಾಯಿತು. “ಪಾಪನಿವೇದನೆಗೆ ಸಾಲಿನಲ್ಲಿ ನಿಂತರೂ ನಿಮಗೇನು ಪಾಪ ಅಕ್ಕ ಎನ್ನುತ್ತಾರೆ. ನಾನು ಸ್ವಿಚ್‌ಬೋರ್ಡಿನ ಮುಂದೆ ಕುಳಿತು, ಜನರ ಹಲೋ ಕೇಳಿದ ಕೂಡಲೇ ಇವರು ಇಂಥವರು ಎಂದು ತೀರ್ಪು ಬರೆದುಬಿಡುತ್ತಿದ್ದೆ. ಎಷ್ಟೋ ಜನರನ್ನು ಆ ತೀರ್ಪಿನಿಂದ ಈಚೆ ಬರಲು ಬಿಟ್ಟೇ ಇಲ್ಲ. ನಾವೂ ಕುರುಡರೋ ಎಂಬ ಫರಿಸಾಯರ ಪ್ರಶ್ನೆ ನನಗೂ ಇದೆ” ಎಂದರು. ಕಣ್ಣಿಲ್ಲದವರನ್ನು ಪಾಪಿಗಳೆನ್ನುವುದೂ, ಅವರಿಗೆ ಪಾಪವೇ ಇಲ್ಲವೆನ್ನುವುದೂ ಅವರನ್ನು ಉಳಿದ ಮನುಷ್ಯರಿಂದ ಬೇರೆ ಮಾಡುತ್ತವೆ ಎಂಬುದು ನನಗೆ ಅಂದು ಸ್ಪಷ್ಟವಾಯಿತು.

ಉಳಿದದ್ದು ನಲವತ್ತನೆಯ ವಚನ. “ಹಾಗಾದರೆ ನಾವೂ ಕುರುಡರೋ?” ಇದನ್ನು ಹೇಗೆ ಉಚ್ಚರಿಸಬೇಕೆಂದು ಶುಭಸಂದೇಶ ಹೇಳುವುದಿಲ್ಲ. ಹಂಗಿಸಿ ಕೇಳಿದರೆ ಅದು ಪ್ರಶ್ನೆಯೇ ಅಲ್ಲ. ಸಿಟ್ಟಿನಿಂದ ಕೇಳಿದರೂ ಅಷ್ಟೇ. ಅಭ್ಯಾಸದಲ್ಲಿ ನಾನು ಎಲ್ಲ ರೀತಿಯಲ್ಲೂ ಕೇಳಿ ನೋಡಿದೆ. ಕೊನೆಗೆ, ಉತ್ತರ ಬೇಕಾದವನು ಕೇಳುವಂತೆ, ಧ್ವನಿ ಏರಿಸದೆ ಕೇಳಿದಾಗ, ಯೇಸುವಿನ ಭಾಗ ಓದುತ್ತಿದ್ದವರು ತಮ್ಮ ಉತ್ತರದ ಧ್ವನಿಯನ್ನೂ ಬದಲಿಸಬೇಕಾಯಿತು. ನೀವು ಕುರುಡರಾಗಿದ್ದರೆ ನಿಮ್ಮಲ್ಲಿ ಪಾಪವಿರುತ್ತಿರಲಿಲ್ಲ ಎಂಬ ಆ ಮಾತು ಅದುವರೆಗೆ ಖಂಡನೆಯಂತೆ ಕೇಳುತ್ತಿತ್ತು. ಆಗ ಅದು ವೈದ್ಯರು ರೋಗಿಗೆ ಇದ್ದದ್ದನ್ನು ಇದ್ದಂತೆ ತಿಳಿಸುವ ಹಾಗೆ ಕೇಳಿತು.

ಮಾರ್ಚ್ 17ರ ಶುಕ್ರವಾರ ಶಿಲುಬೆಯ ಹಾದಿಗೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ವಾಚನದ ವೇಳೆ ದೀಪಗಳನ್ನೆಲ್ಲ ಆರಿಸಿದರೆ ಕುರುಡುತನದ ಅನುಭವ ಜನರಿಗಾಗುತ್ತದೆ ಎಂದು ಯುವಕರು ಸೂಚಿಸಿದ್ದರು. “ಕತ್ತಲೆ ನನಗೆ ಗೊತ್ತಿಲ್ಲ. ಕತ್ತಲೆ ಕಾಣಿಸುವುದು ನಿಮಗೆ. ದೀಪ ಉರಿಯಲಿ, ಜನ ಒಬ್ಬರನ್ನೊಬ್ಬರು ನೋಡಿಕೊಂಡು ಕೇಳಲಿ” ಎಂದು ಅಕ್ಕ ಅದನ್ನು ನಿಲ್ಲಿಸಿದ್ದರು. ವಾಚನಪೀಠದ ಮೇಲೆ ಬ್ರೈಲ್ ಹಾಳೆಗಳನ್ನು ಹರಡಿಕೊಂಡು, ಮುಖವನ್ನು ಸಭೆಯ ಕಡೆಗೇ ಇಟ್ಟು ಅವರು ಓದಿದರು. ನಾವು ಉಳಿದವರು ಪುಸ್ತಕಕ್ಕೆ ತಲೆಬಾಗಿಸಿ ಓದಿದೆವು. ಪ್ರಾರ್ಥನಾಮಂದಿರದಿಂದ ಬಹಿಷ್ಕಾರದ ಭಯಕ್ಕೆ ತಂದೆತಾಯಿ, ಅವನು ಪ್ರಾಯದವನು, ಅವನನ್ನೇ ಕೇಳಿ ಎಂದು ಮಗನನ್ನು ಕೈಬಿಡುವ ಭಾಗ ಬಂದಾಗ ಸಭೆಯಲ್ಲಿ ಸದ್ದಡಗಿತ್ತು.

ಅಟ್ಟಲ್ಪಟ್ಟವನನ್ನು ಯೇಸು ಹುಡುಕಿಕೊಂಡು ಬರುವ ಭಾಗದ ಬಗ್ಗೆ ಒಂದು ಮಾತು ಹೇಳಬೇಕು. ನರಪುತ್ರನಲ್ಲಿ ನಿನಗೆ ವಿಶ್ವಾಸವಿದೆಯೇ ಎಂದು ಯೇಸು ಕೇಳುತ್ತಾರೆ. ಆತ ಯಾರೆಂದು ಹೇಳಿ ಸ್ವಾಮಿ ಎನ್ನುತ್ತಾನೆ ಅವನು. ನೀನು ಆತನನ್ನು ಕಂಡಿದ್ದೀಯೆ, ನಿನ್ನೊಡನೆ ಮಾತನಾಡುತ್ತಿರುವವನೇ ಆತ ಎಂದು ಯೇಸು ಉತ್ತರಿಸುತ್ತಾರೆ. ಆ ಮನುಷ್ಯ ಯೇಸುವಿನ ಮುಖವನ್ನು ಅದುವರೆಗೆ ನೋಡಿರಲಿಲ್ಲ. ಕೊಳಕ್ಕೆ ಹೋಗಿ ತೊಳೆದುಕೋ ಎಂದ ಧ್ವನಿಯನ್ನಷ್ಟೇ ಕೇಳಿದ್ದ. ಅಕ್ಕ ಚುಕ್ಕಿ ಚುಚ್ಚುತ್ತಿದ್ದಾಗಲೇ ಇದನ್ನು ಹೇಳಿದ್ದರು: “ಮುಖ ನೋಡಿ ಅವನಿಗೆ ಗುರುತಾಗಿರುವುದಿಲ್ಲ. ಮಾತನಾಡುತ್ತಿರುವವನೇ ಎಂದಾಗ ಧ್ವನಿ ಹಿಡಿದು ಗುರುತಿಸಿರುತ್ತಾನೆ.” ಶುಭಸಂದೇಶ ಇದನ್ನು ಬರೆದಿಲ್ಲ. ಆದರೂ ಅದನ್ನು ಕೇಳಿದ ಮೇಲೆ ಬೇರೆ ರೀತಿಯಲ್ಲಿ ಆ ವಚನಗಳನ್ನು ಓದಲು ನನ್ನಿಂದ ಆಗಿಲ್ಲ. ಕಣ್ಣು ಬಂದವನಿಗೂ ಪ್ರಭುವನ್ನು ಗುರುತಿಸಲು ತಾನು ಕುರುಡನಾಗಿದ್ದಾಗ ಕೇಳಿಸಿಕೊಂಡದ್ದೇ ಬೇಕಾಯಿತು.

ಭಾನುವಾರ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸಿದ್ದರು. ತಪಸ್ಸುಕಾಲದ ನೇರಳೆಯ ನಡುವೆ ಆ ಒಂದು ದಿನಕ್ಕೆ ಅದು ಸಲ್ಲುತ್ತದೆ. ಜೆಸ್ಸೆಯನ ಮಕ್ಕಳಲ್ಲಿ ಎತ್ತರದವರನ್ನೆಲ್ಲ ಬಿಟ್ಟು ಕುರಿ ಕಾಯುತ್ತಿದ್ದ ಕಿರಿಯವನನ್ನು ಸಮುವೇಲನು ಅಭಿಷೇಕಿಸಿದ ಮೊದಲ ವಾಚನವನ್ನು ಕಾಲೇಜಿನ ಆ ಹುಡುಗ ಓದಿದ. ವಿಶ್ವಾಸಿಗಳ ಪ್ರಾರ್ಥನೆಯನ್ನು ನಮ್ಮ ಗುಂಪು ಹೊಸದಾಗಿ ಬರೆದಿತ್ತು. ಪಾಪದ ಕುರುಡುತನದಿಂದ ನಮ್ಮನ್ನು ಬಿಡಿಸು ಎಂಬ ರೂಢಿಯ ಬೇಡಿಕೆಯ ಜಾಗದಲ್ಲಿ, ಗೊತ್ತು ಎಂದುಕೊಂಡು ನಾವು ಕೇಳದೆ ಬಿಟ್ಟವರ ಮಾತನ್ನು ಕೇಳುವ ಮನಸ್ಸು ಕೊಡು ಎಂಬುದು ಬಂತು. ದೃಷ್ಟಿಯಿಲ್ಲದವರಿಗಾಗಿ ಬೇಡುವಾಗ, ಅವರಿಗೆ ಓದು, ಉದ್ಯೋಗ, ನಿರ್ಭಯವಾಗಿ ನಡೆಯಬಹುದಾದ ರಸ್ತೆ ಸಿಗಲಿ ಎಂದು ಬೇಡಿದೆವು. ಆ ಬೇಡಿಕೆಯನ್ನು ಬರೆದುಕೊಟ್ಟವರು ಅಕ್ಕ.

ಅದಾದ ಮೇಲೆ ಈ ಪಾಠದ ಮುಂದಿನ ಸರದಿ 2026ರ ಮಾರ್ಚ್ 15. ಬ್ರೈಲ್ ಹಾಳೆಗಳನ್ನು ಅಕ್ಕ ತೆಗೆದಿಟ್ಟರು. ಆ ಸಲ ನಿರೂಪಣೆ ನಾನು ಓದಬೇಕೆಂದೂ ಫರಿಸಾಯರ ಭಾಗ ತಮಗಿರಲೆಂದೂ ಗುರುಗಳಿಗೆ ಅವರು ಆಗಲೇ ಹೇಳಿಬಿಟ್ಟಿದ್ದರು.